ಗರಿಗರಿ ಕೋಳಿ: ನಮ್ಮ ತಟ್ಟೆಗೂ ಎರಡು ತುಂಡು

ಭಾನುವಾರ ಬಂದರೆ ಬಹಳ ಮನೆಗಳಲ್ಲಿ ಬಾಡೂಟ. ಕೋಳಿ ತರುತ್ತೇವೆ. ಮಸಾಲೆ ಅರೆಯುತ್ತೇವೆ. ಸಾರು ಕುದಿಯುತ್ತದೆ. ಮುದ್ದೆ ಕಟ್ಟುತ್ತೇವೆ. ಮೊದಲು ಗಂಡಸರು ಉಣ್ಣುತ್ತಾರೆ. ಆಮೇಲೆ ಮಕ್ಕಳು ಉಣ್ಣುತ್ತಾರೆ. ಕೊನೆಗೆ ನಾವು ಹೆಂಗಸರು ಕೂರುತ್ತೇವೆ. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಏನಿರುತ್ತದೆ? ಸಾರು ಇರುತ್ತದೆ. ತುಂಡು ಇರುವುದಿಲ್ಲ. ದೊಡ್ಡ ಮುದ್ದೆ, ಮೇಲೆ ಅನ್ನ, ಅದಕ್ಕೆ ಸಾರು. ಅದೇ ನಮ್ಮ ಊಟ.

ಹೊಟ್ಟೆ ತುಂಬುತ್ತದೆ, ನಿಜ. ಆದರೆ ನಮ್ಮಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಇದೆ. ಇದೆಯೆಂದು ಕೆಲವರಿಗೆ ಗೊತ್ತೇ ಇಲ್ಲ. ಅಂಥವರಿಗೆ ಈ ಊಟ ಒಳ್ಳೆಯದಲ್ಲ. ಯಾಕೆ? ಈ ಪಾಠದಲ್ಲಿ ತಿಳಿಯೋಣ. ಜೊತೆಗೆ ಒಂದು ರುಚಿಯಾದ ಅಡುಗೆಯನ್ನೂ ಕಲಿಯೋಣ.

ಪಿಷ್ಟ ಎಂದರೇನು?

ಅಕ್ಕಿ, ರಾಗಿ, ಗೋಧಿ, ಜೋಳ, ಆಲೂಗೆಡ್ಡೆ. ಇವುಗಳಲ್ಲಿ ಹೆಚ್ಚಾಗಿ ಇರುವುದು ಪಿಷ್ಟ. ಅನ್ನದ ಗಂಜಿ ಅಂಟು ಅಂಟಾಗಿ ಇರುತ್ತದಲ್ಲ? ಅದು ಪಿಷ್ಟದಿಂದ.

ನಾವು ತಿಂದ ಪಿಷ್ಟ ಹೊಟ್ಟೆಯಲ್ಲಿ ಕರಗುತ್ತದೆ. ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆಯೇ ಮೈಗೆ ಶಕ್ತಿ. ಅದನ್ನು ರಕ್ತದಿಂದ ಮೈಯ ಒಳಕ್ಕೆ ಸೇರಿಸುವುದು ಇನ್ಸುಲಿನ್ ಎಂಬ ರಸ. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ರಸ ಸಾಲುವುದಿಲ್ಲ. ಇಲ್ಲವೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಬಹಳ ಕಾಲ ಹೀಗೆಯೇ ಇದ್ದರೆ ಕಣ್ಣು, ಮೂತ್ರಪಿಂಡ, ಹೃದಯ, ಪಾದ ಎಲ್ಲಕ್ಕೂ ತೊಂದರೆ.

100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಇದೆ. "ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ" ಎಂದು ಬಹಳ ಜನ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ರಾಗಿಯಲ್ಲಿ ನಾರು ಇದೆ, ಸುಣ್ಣದ ಅಂಶ ಇದೆ. ರಾಗಿ ಒಳ್ಳೆಯದೇ. ಆದರೆ ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಏರಿಯೇ ಏರುತ್ತದೆ.

ಕೋಳಿ ಮಾಂಸದಲ್ಲಿ ಪಿಷ್ಟ ಇಲ್ಲವೇ ಇಲ್ಲ ಎನ್ನಬಹುದು. ಅದರಲ್ಲಿ ಇರುವುದು ಪ್ರೋಟೀನು ಮತ್ತು ಕೊಬ್ಬು. 100 ಗ್ರಾಂ ಹಸಿ ಮಾಂಸದಲ್ಲಿ ಸುಮಾರು 20 ಗ್ರಾಂ ಪ್ರೋಟೀನು ಇರುತ್ತದೆ. ಪ್ರೋಟೀನು ಮೈ ಕಟ್ಟುತ್ತದೆ. ಬೇಗ ಹಸಿವಾಗದಂತೆ ನೋಡಿಕೊಳ್ಳುತ್ತದೆ. ರಕ್ತದ ಸಕ್ಕರೆಯನ್ನು ಅನ್ನದಂತೆ ಏರಿಸುವುದಿಲ್ಲ.

ಈಗ ನಮ್ಮ ಭಾನುವಾರದ ತಟ್ಟೆಯನ್ನು ಇನ್ನೊಮ್ಮೆ ನೋಡೋಣ. ಸಕ್ಕರೆ ಏರಿಸುವ ಮುದ್ದೆ, ಅನ್ನ ನಮಗೆ. ಏರಿಸದ ತುಂಡು ಉಳಿದವರಿಗೆ. ಇದು ಸರಿಯೇ?

ಅಂಗಡಿಯ ಕಬಾಬು ಬೇಡವೇ?

ಗರಿಗರಿ ಕೋಳಿ ಎಂದರೆ ಎಲ್ಲರಿಗೂ ಪೇಟೆಯ ಕಬಾಬು ನೆನಪಾಗುತ್ತದೆ. ಅದು ಗರಿಗರಿ ಆಗುವುದು ಮೇಲೆ ಹಚ್ಚಿದ ಹಿಟ್ಟಿನಿಂದ. ಮೈದಾ, ಕಾರ್ನ್‌ಫ್ಲೋರ್, ಅಕ್ಕಿ ಹಿಟ್ಟು ಹಚ್ಚುತ್ತಾರೆ. ಕಾರ್ನ್‌ಫ್ಲೋರ್ ಎಂದರೆ ಮೆಕ್ಕೆಜೋಳದಿಂದ ತೆಗೆದ ಬರೀ ಪಿಷ್ಟ. ಆ ಹಿಟ್ಟು ಎಣ್ಣೆಯನ್ನೂ ಹೀರುತ್ತದೆ. ಕೆಲವು ಕಡೆ ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುತ್ತಾರೆ. ಕೆಂಪು ಬಣ್ಣ ಹಾಕುವುದೂ ಇತ್ತು. 2024ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು.

ಹಿಟ್ಟಿಲ್ಲದೆ ಗರಿಗರಿ ಆಗುತ್ತದೆಯೇ? ಆಗುತ್ತದೆ. ಕೋಳಿಯ ಚರ್ಮವೇ ಸಾಕು. ಚರ್ಮದಲ್ಲಿ ನೀರೂ ಇದೆ, ಕೊಬ್ಬೂ ಇದೆ. ಹದವಾದ ಉರಿಯಲ್ಲಿ ನೀರು ಆರಿಹೋಗುತ್ತದೆ. ಕೊಬ್ಬು ಕರಗಿ ಹೊರಗೆ ಬರುತ್ತದೆ. ಆ ಕೊಬ್ಬಿನಲ್ಲೇ ಚರ್ಮ ಹುರಿದು ಹಪ್ಪಳದಂತೆ ಆಗುತ್ತದೆ. ಒದ್ದೆ ಇದ್ದರೆ ಮಾತ್ರ ಹುರಿಯುವುದಿಲ್ಲ, ಬೇಯುತ್ತದೆ. ಗುಟ್ಟು ಇಷ್ಟೇ.

ಬೇಕಾದ ಸಾಮಾನು (4 ಜನರಿಗೆ)

ಚರ್ಮ ಇರುವ ಕೋಳಿ ತೊಡೆಯ ತುಂಡು: 8 (ಸುಮಾರು 1 ಕಿಲೋ)
ಉಪ್ಪು: ಒಂದೂವರೆ ಟೀ ಚಮಚ
ಅರಿಶಿನ: ಅರ್ಧ ಚಮಚ
ಮೆಣಸಿನ ಪುಡಿ: 1 ಚಮಚ
ಕರಿಮೆಣಸಿನ ಪುಡಿ: 1 ಚಮಚ
ಶುಂಠಿ, ಬೆಳ್ಳುಳ್ಳಿ ಅರೆದದ್ದು: 2 ಚಮಚ
ಎಣ್ಣೆ: 2 ಚಮಚ
ಕರಿಬೇವು: 2 ಎಸಳು
ನಿಂಬೆಹಣ್ಣು: 1

ಕೋಳಿ ಅಂಗಡಿಯ ಮುಂದೆ ಹಲಗೆ ಇರುತ್ತದೆ. ಈಗ ನಮಗೆ ಓದಲು ಬರುತ್ತದೆ. ದರ ಓದಿ ನೋಡಿ. ಚರ್ಮ ಇರುವ ಕೋಳಿಗೆ ಸಾಮಾನ್ಯವಾಗಿ ದರ ಕಡಿಮೆ. ತೂಕ ಹಾಕುವಾಗ ತಕ್ಕಡಿಯ ಅಂಕಿಯನ್ನೂ ಓದಿ. ಮೂಳೆಯ ಉದ್ದಕ್ಕೆ ಒಂದು ಸೀಳು ಹಾಕಿಸಿಕೊಳ್ಳಿ. ಹಾಗೆ ಮಾಡಿದರೆ ಒಳಗೆಲ್ಲ ಚೆನ್ನಾಗಿ ಬೇಯುತ್ತದೆ. ಈ ಅಡುಗೆಗೆ ಫಾರಂ ಕೋಳಿ ಸರಿ. ನಾಟಿ ಕೋಳಿ ಗಟ್ಟಿ. ಅದು ಸಾರಿಗೆ ಚೆಂದ.

ಮಾಡುವ ಬಗೆ

1. ಹಸಿ ಕೋಳಿಯಲ್ಲಿ ರೋಗಾಣು ಇರಬಹುದು. ನಲ್ಲಿ ಕೆಳಗೆ ಹಿಡಿದು ತೊಳೆದರೆ ನೀರು ಸಿಡಿದು ಪಾತ್ರೆ, ತರಕಾರಿ ಮೇಲೆ ಬೀಳುತ್ತದೆ. ತೊಳೆಯದಿದ್ದರೂ ನಡೆಯುತ್ತದೆ. ರೋಗಾಣು ಸಾಯುವುದು ನೀರಿಗಲ್ಲ, ಬೆಂಕಿಯ ಕಾವಿಗೆ. ತೊಳೆಯಲೇಬೇಕು ಅನ್ನಿಸಿದರೆ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ. ಆಮೇಲೆ ಕೈ, ಚಾಕು, ಪಾತ್ರೆ ಎಲ್ಲವನ್ನೂ ಸೋಪು ಹಾಕಿ ತೊಳೆಯಿರಿ.

2. ಒಗೆದು ಒಣಗಿಸಿದ ಹತ್ತಿ ಬಟ್ಟೆಯಿಂದ ತುಂಡುಗಳನ್ನು ಒರೆಸಿ. ಉಪ್ಪು, ಅರಿಶಿನವನ್ನು ಎರಡೂ ಕಡೆ ಸವರಿ. ಮೆಣಸಿನ ಪುಡಿ, ಕರಿಮೆಣಸು, ಶುಂಠಿ ಬೆಳ್ಳುಳ್ಳಿಯನ್ನು ಮಾಂಸದ ಕಡೆಗೆ ಮಾತ್ರ ಹಚ್ಚಿ. ಚರ್ಮಕ್ಕೆ ಹಚ್ಚಿದರೆ ಮಸಾಲೆ ಸೀದು ಕಹಿಯಾಗುತ್ತದೆ.

3. ಅರ್ಧ ಗಂಟೆ ಮುಚ್ಚಿಡಿ. ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಹೊರಗೆ ಇಡಬೇಡಿ. ಉಪ್ಪಿಗೆ ಚರ್ಮ ನೀರು ಬಿಡುತ್ತದೆ. ಚರ್ಮದ ಕಡೆ ಇನ್ನೊಮ್ಮೆ ಒರೆಸಿ. ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ ಒಗೆಯಿರಿ.

4. ಕಬ್ಬಿಣದ ಹೆಂಚು ಅಥವಾ ಅಗಲ ಬಾಣಲೆ ಇಡಿ. ಒಂದು ಚಮಚ ಎಣ್ಣೆ ಸವರಿ. ಕಾದ ಮೇಲೆ 4 ತುಂಡುಗಳನ್ನು ಚರ್ಮ ಕೆಳಗೆ ಬರುವಂತೆ ಇಡಿ. ನಡುವೆ ಜಾಗ ಇರಲಿ. ಒತ್ತೊತ್ತಾಗಿ ಇಟ್ಟರೆ ಹಬೆ ಕಟ್ಟಿಕೊಂಡು ಮೆತ್ತಗಾಗುತ್ತದೆ.

5. ಉರಿ ಸಣ್ಣದಕ್ಕಿಂತ ಸ್ವಲ್ಪ ಹೆಚ್ಚಿರಲಿ. ಸೌದೆ ಒಲೆಯಾದರೆ ಒಂದು ಕೊಳ್ಳಿ ಹಿಂದಕ್ಕೆ ಎಳೆಯಿರಿ. 15 ನಿಮಿಷ ತುಂಡುಗಳನ್ನು ಕದಲಿಸಬೇಡಿ. ಮುಚ್ಚಳ ಮುಚ್ಚಬೇಡಿ. ಚರ್ಮ ಹುರಿದ ಮೇಲೆ ತಾನೇ ಹೆಂಚು ಬಿಡುತ್ತದೆ.

6. ತಿರುವಿ ಹಾಕಿ. ಇನ್ನು 12ರಿಂದ 15 ನಿಮಿಷ ಬೇಯಿಸಿ. ಮೂಳೆಯ ಹತ್ತಿರ ಚಾಕುವಿನಿಂದ ಚುಚ್ಚಿ. ತಿಳಿಯಾದ ರಸ ಬಂದರೆ, ಒಳಗೆ ಎಲ್ಲೂ ಕೆಂಪು ಕಾಣದಿದ್ದರೆ ಬೆಂದಿದೆ. ಕೆಂಪಿದ್ದರೆ ಇನ್ನೂ ಬೇಯಿಸಿ. ಅರೆಬೆಂದ ಕೋಳಿ ತಿನ್ನಬಾರದು.

7. ಕೊನೆಯಲ್ಲಿ ಕರಿಬೇವು ಹಾಕಿ. ತುಂಡುಗಳನ್ನು ತೆಗೆದು ಬಿಚ್ಚಿಡಿ. ಮುಚ್ಚಿದರೆ ಬೆವರಿ ಮೆತ್ತಗಾಗುತ್ತದೆ. ಉಳಿದ 4 ತುಂಡನ್ನೂ ಹೀಗೆಯೇ ಮಾಡಿ. ನಿಂಬೆರಸವನ್ನು ಉಣ್ಣುವಾಗ ಹಿಂಡಿಕೊಳ್ಳಿ.

ತಟ್ಟೆ ಹೇಗಿರಬೇಕು?

ತಟ್ಟೆಯ ನಡುವೆ ಬೆರಳಿನಿಂದ ಒಂದು ಗೆರೆ ಎಳೆಯಿರಿ. ಎರಡು ಭಾಗವಾಯಿತು. ಒಂದು ಭಾಗದ ತುಂಬ ಸೊಪ್ಪು, ತರಕಾರಿ. ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ಹುರುಳಿಕಾಯಿ, ಎಲೆಕೋಸು, ಸೌತೆಕಾಯಿ, ಮೂಲಂಗಿ ಯಾವುದಾದರೂ ಆಗಬಹುದು. ಇನ್ನೊಂದು ಭಾಗವನ್ನು ಮತ್ತೆ ಎರಡು ಮಾಡಿ. ಒಂದು ಕಾಲು ಭಾಗಕ್ಕೆ ಕೋಳಿ. ಇನ್ನೊಂದು ಕಾಲು ಭಾಗಕ್ಕೆ ಸಣ್ಣ ಮುದ್ದೆ ಅಥವಾ ಅನ್ನ. ಎರಡರಲ್ಲಿ ಒಂದು. ಆಲೂಗೆಡ್ಡೆಯನ್ನು ತರಕಾರಿ ಲೆಕ್ಕಕ್ಕೆ ಹಿಡಿಯಬೇಡಿ. ಅದು ಅನ್ನದ ಲೆಕ್ಕ.

ಒಂದು ಮನೆಯಲ್ಲಿ ಅತ್ತೆ ಸೊಸೆ ಹೀಗೆ ಮಾತಾಡಿಕೊಂಡರು ಅನ್ನಿ. ಇಬ್ಬರು ಸೇರಿ ಗಟ್ಟಿಯಾಗಿ ಓದಿ.

ಸೊಸೆ: ಅತ್ತೆ, ಬನ್ನಿ ಉಣ್ಣೋಕೆ. ನಿಮಗೆ ಅರ್ಧ ಮುದ್ದೆ ಹಾಕಿದೀನಿ.
ಅತ್ತೆ: ಅಯ್ಯೋ, ಅರ್ಧ ಮುದ್ದೆ ಯಾವ ಮೂಲೆಗಾಯ್ತದವ್ವ?
ಸೊಸೆ: ಜೊತೆಗೆ ಸೊಪ್ಪಿನ ಪಲ್ಯ ಇದೆ, ಎರಡು ತುಂಡು ಕೋಳಿ ಇದೆ. ಹೊಟ್ಟೆ ತುಂಬ್ತದೆ.
ಅತ್ತೆ: ತುಂಡು ನಂಗ್ಯಾಕೆ? ಮಗೂಗೆ ಹಾಕು.
ಸೊಸೆ: ಮಗೂಗೂ ಇದೆ. ಎಂಟು ತುಂಡು, ನಾಲ್ಕು ಜನ. ತಲೆಗೆ ಎರಡು. ಎಣಿಸಿಯೇ ಮಾಡಿದೀನಿ. ಸಕ್ಕರೆ ಕಾಯಿಲೆ ಇರೋದು ನಿಮಗೆ. ತುಂಡೆಲ್ಲ ಬಿಟ್ಟು ಬರೀ ಮುದ್ದೆ ಸಾರು ಉಂಡ್ರೆ ಹೆಂಗೆ?
ಅತ್ತೆ: ಕರುಂಕುರುಂ ಅಂತೈತಲ್ಲೇ! ಏನು ಹಿಟ್ಟು ಹಾಕ್ದೆ?
ಸೊಸೆ: ಹಿಟ್ಟೇ ಹಾಕಿಲ್ಲ ಅತ್ತೆ.
ಅತ್ತೆ: ಸರಿ, ನೀನೂ ಕೂತ್ಕೊ. ನಿನ್ನ ಎರಡು ತುಂಡು ಎಲ್ಲಿ? ಎಣಿಸೋವಾಗ ನಿನ್ನ ತಲೆ ಬಿಟ್ಯೋ ಏನೋ?

ಅತ್ತೆ ಕೇಳಿದ ಕೊನೆಯ ಪ್ರಶ್ನೆ ನಮಗೆಲ್ಲ ಸೇರಿದ್ದು. ನಾವು ಮನೆಮಂದಿಯನ್ನು ಎಣಿಸುತ್ತೇವೆ. ನಮ್ಮನ್ನೇ ಬಿಟ್ಟುಬಿಡುತ್ತೇವೆ. ಬಡಿಸುವ ಮೊದಲೇ ತುಂಡು ಎಣಿಸಿ ಹಂಚಿಡೋಣ. ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ. ಆಗ ಯಾರ ಪಾಲೂ ತಪ್ಪುವುದಿಲ್ಲ.

ಎಚ್ಚರಿಕೆ

ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಒಮ್ಮೆಲೇ ಮುದ್ದೆ, ಅನ್ನ ಬಿಡಬಾರದು. ಔಷಧಿ ಅಷ್ಟೇ ಇದ್ದು ಪಿಷ್ಟ ಬಹಳ ಕಡಿಮೆಯಾದರೆ ರಕ್ತದ ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ, ತಲೆಸುತ್ತು, ಎದೆ ಡವಡವ ಇದರ ಗುರುತು. ತಕ್ಷಣ 3 ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅದಕ್ಕೇ ಊಟ ಬದಲಿಸುವ ಮೊದಲು ಡಾಕ್ಟರನ್ನು ಕೇಳಿ. ಊಟ ಬದಲಿಸಿದೆವೆಂದು ಮಾತ್ರೆಯನ್ನು ನಾವೇ ನಿಲ್ಲಿಸಬಾರದು.

ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ಮಾಂಸ ತಿನ್ನಬಹುದು ಎಂದು ಕೇಳಿ ತಿಳಿಯಬೇಕು. ಹೃದಯದ ಕಾಯಿಲೆ ಇರುವವರು ಉಣ್ಣುವಾಗ ಚರ್ಮ ತೆಗೆದಿಡುವುದು ಒಳ್ಳೆಯದು.

30 ವರ್ಷ ದಾಟಿದ ಎಲ್ಲರೂ ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾಡುತ್ತಾರೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಪರೀಕ್ಷೆಯ ಚೀಟಿ ಕೊಟ್ಟಾಗ ಹಾಗೇ ಮಡಿಚಿಡಬೇಡಿ. ನಿಮ್ಮ ಹೆಸರು, ತಾರೀಕು, ಅಂಕಿ ಮೂರನ್ನೂ ಓದಿ. ಅರ್ಥವಾಗದಿದ್ದರೆ ಅಲ್ಲಿಯೇ ಕೇಳಿ.

ಹೊಸ ಪದಗಳು

ಪಿಷ್ಟ, ಪ್ರೋಟೀನು, ಇನ್ಸುಲಿನ್, ಮೂತ್ರಪಿಂಡ, ರೋಗಾಣು

ಬಿಟ್ಟ ಜಾಗ ತುಂಬಿ

1. ಮುದ್ದೆ, ಅನ್ನದಲ್ಲಿ ಹೆಚ್ಚಾಗಿ ಇರುವುದು ............
2. ತಟ್ಟೆಯ ಅರ್ಧ ಭಾಗದಲ್ಲಿ ............ ಇರಬೇಕು.
3. ಹೆಂಚಿನ ಮೇಲೆ ಮೊದಲು ............ ಕೆಳಗೆ ಬರುವಂತೆ ತುಂಡು ಇಡಬೇಕು.

ಲೆಕ್ಕ ಮಾಡಿ

ಮನೆಯಲ್ಲಿ 5 ಜನ. ತಲೆಗೆ 2 ತುಂಡು. ಒಟ್ಟು ಎಷ್ಟು ತುಂಡು ಬೇಕು? ಎಣಿಸುವಾಗ ನಿಮ್ಮನ್ನು ಸೇರಿಸಿದಿರಾ?

ಮಾತಾಡೋಣ

ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ತಟ್ಟೆಯಲ್ಲಿ ಏನಿರುತ್ತದೆ? ಕಲಿಕಾ ಕೇಂದ್ರದಲ್ಲಿ ಎಲ್ಲರೂ ಹೇಳಿ. ಆಮೇಲೆ ನಿಮ್ಮ ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ.