ಸಾಬೂನಿನ ಅಣುವಿನ ತಲೆ ಮತ್ತು ಮಿಶ್ರ ಮೈಸೆಲ್‌ಗಳು

ಎರಡು ಪ್ರನಾಳಗಳನ್ನು ತೆಗೆದುಕೊಳ್ಳೋಣ. ಒಂದರಲ್ಲಿ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದ ಸಾಬೂನಿನ ತೆಳು ದ್ರಾವಣವಿರಲಿ. ಇನ್ನೊಂದರಲ್ಲಿ ಗಾಯ ತೊಳೆಯಲು ಬಳಸುವ ಸೆಟ್ರಿಮೈಡ್ ಎಂಬ ನಂಜುನಾಶಕದ ದ್ರಾವಣವಿರಲಿ. ಕುಲುಕಿದರೆ ಎರಡೂ ನೊರೆಗರೆಯುತ್ತವೆ. ಆದರೆ ಇವನ್ನು ಸರಿಸಮನಾಗಿ ಬೆರೆಸಿದೊಡನೆ ದ್ರಾವಣವು ಹಾಲಿನಂತೆ ಕದಡಿ, ನೊರೆ ಅಡಗುತ್ತದೆ. ನಂಜುನಾಶಕದ ಶಕ್ತಿಯೂ ಕುಂದುತ್ತದೆ. ಒಂದೇ ಬಗೆಯ ಕೆಲಸ ಮಾಡುವ ಎರಡು ವಸ್ತುಗಳು ಕೂಡಿದಾಗ ಹೀಗೇಕೆ ಕೆಡಬೇಕು? ಉತ್ತರವು ಅವುಗಳ ಅಣುಗಳ ತಲೆಯಲ್ಲಿದೆ.

ಇಂತಹ ಪ್ರತಿಯೊಂದು ಅಣುವಿಗೂ ನೀರನ್ನೊಲ್ಲದ ಇಂಗಾಲ ಸರಪಳಿಯ ಬಾಲವೂ ನೀರನ್ನು ಬಯಸುವ ತಲೆಯೂ ಉಂಟು. ದ್ರಾವಣದ ಸಾರತೆ ಒಂದು ಮಿತಿಯನ್ನು ಮುಟ್ಟಿದಾಗ ಅಣುಗಳು ಬಾಲಗಳನ್ನು ಒಳಗೆ ಹುದುಗಿಸಿ, ತಲೆಗಳನ್ನು ಹೊರಗೆ ಚಾಚಿ, ಗುಂಪುಗೂಡುತ್ತವೆ. ಈ ಗುಂಪೇ ಮೈಸೆಲ್. ಆ ಮಿತಿಗೆ ಕ್ರಾಂತಿಕ ಮೈಸೆಲ್ ಸಾರತೆ ಎಂದು ಹೆಸರು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಜೇಮ್ಸ್ ಮೆಕ್‌ಬೇನ್ ಅವರು 1913ರಲ್ಲಿ ಈ ಕಲ್ಪನೆಯನ್ನು ಮುಂದಿಟ್ಟರು.

ಗುಂಪುಗೂಡಲು ಪ್ರೇರಣೆ ಬಾಲದಿಂದ ಬಂದರೂ ಅದಕ್ಕೆ ಅಡ್ಡಿ ಒದಗುವುದು ತಲೆಯಿಂದ. ಸೋಡಿಯಂ ಡೋಡೆಸೈಲ್ ಸಲ್ಫೇಟಿನ ತಲೆಗಳಲ್ಲಿ ಋಣ ವಿದ್ಯುದಾವೇಶವಿರುವುದರಿಂದ ಅವು ಒಂದನ್ನೊಂದು ವಿಕರ್ಷಿಸುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಮಿತಿ ಲೀಟರಿಗೆ ಸುಮಾರು 8 ಮಿಲಿಮೋಲ್. ಅಷ್ಟೇ ಉದ್ದದ, ಎಂದರೆ 12 ಇಂಗಾಲದ ಬಾಲವಿದ್ದು, ಆವೇಶವಿಲ್ಲದ ಎಥಿಲೀನ್ ಆಕ್ಸೈಡ್ ಸರಪಳಿಯನ್ನು ತಲೆಯಾಗಿ ಹೊಂದಿದ ಮಾರ್ಜಕದ ಮಿತಿಯಾದರೋ ಸುಮಾರು 0.1 ಮಿಲಿಮೋಲ್ ಮಾತ್ರ. ಬಾಲ ಒಂದೇ, ತಲೆ ಬದಲಾದುದರಿಂದ ಸುಮಾರು 80 ಪಟ್ಟು ವ್ಯತ್ಯಾಸ!

ಈಗ ಇವೆರಡನ್ನೂ ಬೆರೆಸಿದರೆ, ಆವೇಶರಹಿತ ತಲೆಗಳು ಋಣ ತಲೆಗಳ ನಡುವೆ ಸೇರಿ ಅವುಗಳನ್ನು ದೂರವಿರಿಸುತ್ತವೆ. ವಿಕರ್ಷಣೆ ತಗ್ಗುತ್ತದೆ, ಎರಡೂ ಅಣುಗಳಿರುವ ಮಿಶ್ರ ಮೈಸೆಲ್ ಸುಲಭವಾಗಿ ಮೂಡುತ್ತದೆ. ಪರಸ್ಪರ ಪ್ರಭಾವವೇ ಇಲ್ಲದ ಆದರ್ಶ ಮಿಶ್ರಣದ ಲೆಕ್ಕವನ್ನು ಕ್ಲಿಂಟ್ ಅವರು 1975ರಲ್ಲಿ ಕೊಟ್ಟರು. ನಿಜವಾದ ಮಿಶ್ರಣವು ಅದರಿಂದ ಎಷ್ಟು ದೂರ ಸರಿಯುತ್ತದೆಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ವಿಧಾನವನ್ನು 1979ರಲ್ಲಿ ರೂಬಿಂಗ್ ರೂಪಿಸಿದರು. ಆ ಸಂಖ್ಯೆ ಸೊನ್ನೆಯಾದರೆ ಮಿಶ್ರಣ ಆದರ್ಶವಾದುದು. ಸೊನ್ನೆಗಿಂತ ಕೆಳಗಿಳಿದಷ್ಟೂ ಕೂಡುವ ಒಲವು ಹೆಚ್ಚು.

ಇದರ ಪ್ರಯೋಜನ ಮನೆಯ ಬಚ್ಚಲಿನಲ್ಲೇ ಉಂಟು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಅಯಾನುಗಳು ಒಂಟಿಯಾಗಿ ಅಲೆಯುವ ಋಣ ತಲೆಯ ಅಣುಗಳನ್ನು ಹಿಡಿದು ಗಷ್ಟಾಗಿಸುತ್ತವೆ. ಮಿಶ್ರ ಮೈಸೆಲ್ ಅಂತಹ ಅಣುಗಳನ್ನು ತನ್ನೊಳಗೆ ಸೇರಿಸಿಕೊಳ್ಳುವುದರಿಂದ ಒಂಟಿ ಅಣುಗಳು ಕಡಿಮೆಯಾಗುತ್ತವೆ, ಮಾರ್ಜಕ ವ್ಯರ್ಥವಾಗುವುದಿಲ್ಲ.

ಇನ್ನು ನಮ್ಮ ಪ್ರನಾಳಗಳಿಗೆ ಮರಳೋಣ. ಸಾಬೂನಿನ ತಲೆ ಋಣ, ಸೆಟ್ರಿಮೈಡಿನ ತಲೆ ಧನ. ಇಲ್ಲಿ ವಿಕರ್ಷಣೆ ತಗ್ಗುವುದಷ್ಟೇ ಅಲ್ಲ, ಬಲವಾದ ಆಕರ್ಷಣೆಯೇ ಹುಟ್ಟುತ್ತದೆ. ಒಂದು ಬಗೆಯದು ಬಹಳ ಹೆಚ್ಚಾಗಿದ್ದರೆ ಮಿಶ್ರ ಮೈಸೆಲ್ ಉಳಿದೀತು. ಎರಡೂ ಸರಿಸಮವಾದರೆ ಆವೇಶಗಳು ಪರಸ್ಪರ ಅಳಿದು, ನೀರಿನ ನಂಟು ಕಡಿದು, ಜೋಡಿ ಅಣುಗಳು ಪ್ರಕ್ಷೇಪವಾಗಿ ಹೊರಬೀಳುತ್ತವೆ. ಕ್ರಿಮಿಯ ಹೊರಪೊರೆಗೆ ಅಂಟಬೇಕಾಗಿದ್ದ ಧನ ತಲೆಯು ಸಾಬೂನಿನೊಡನೆಯೇ ಬಂಧಿತವಾಗುತ್ತದೆ.

ಆದುದರಿಂದಲೇ ಸಾಬೂನು ಹಚ್ಚಿದ ಚರ್ಮವನ್ನು ಶುದ್ಧ ನೀರಿನಿಂದ ಚೆನ್ನಾಗಿ ತೊಳೆದ ಮೇಲೆಯೇ ಇಂತಹ ನಂಜುನಾಶಕವನ್ನು ಬಳಸಬೇಕು. ಅವಸರದಲ್ಲಿ ಇದನ್ನು ಮರೆತರೆ, ಔಷಧ ಹಾಕಿದೆವೆಂಬ ಸಮಾಧಾನ ಉಳಿದೀತೇ ಹೊರತು ರಕ್ಷಣೆ ಸಿಗಲಾರದು. ಅಧ್ಯಾಪಕ ಬಂಧುಗಳು ಎರಡೇ ಪ್ರನಾಳಗಳಿಂದ ಇದನ್ನು ತರಗತಿಯಲ್ಲಿ ತೋರಿಸಬಹುದು. ಕಣ್ಣಾರೆ ಕಂಡ ಈ ಪಾಠವನ್ನು ವಿದ್ಯಾರ್ಥಿಯು ತನ್ನ ಮನೆಗೂ ಒಯ್ಯುತ್ತಾನೆ.