ಪರದೇಶದಲ್ಲಿ ರೋಗಶಯ್ಯೆಗೆ ಬಿದ್ದವರಿಗೆ ಸಹಾಯ

ಹೊಟ್ಟೆಪಾಡಿಗಾಗಿ ಸಮುದ್ರದಾಚೆಗೆ ಹೋದವರ ಕುಟುಂಬಗಳು ನಮ್ಮ ಕೊಡಗಿನ ಅನೇಕ ಊರುಗಳಲ್ಲಿ ಉಂಟು. ಕಾಫಿ ತೋಟದ ಲೈನು ಮನೆಯಿಂದಲೂ ಗದ್ದೆಬದಿಯ ಸ್ವಂತ ಮನೆಯಿಂದಲೂ ಹೊರಟು ದುಬಾಯಿ, ಕತಾರ್, ಕುವೈತ್, ಸೌದಿ ಅರೇಬಿಯ ಮೊದಲಾದ ಸೀಮೆಗಳಲ್ಲಿ ದುಡಿಯುವವರು ಹಣ ಕಳುಹಿಸುವಾಗ ಮನೆಯವರು ಸಂತೋಷಪಡುತ್ತಾರೆ. ಆದರೆ ಅವರಲ್ಲೊಬ್ಬನು ಕಟ್ಟಡದ ಮೇಲಿಂದ ಬಿದ್ದು ಕಾಲುಗಳ ಶಕ್ತಿಯನ್ನು ಕಳಕೊಂಡನೆಂದು, ಇಲ್ಲವೆ ಚಿಕ್ಕಂದಿನಿಂದಲೇ ಕಾಲಿನ ಊನವುಳ್ಳ ಒಬ್ಬನಿಗೆ ಅಲ್ಲಿ ಬೇರೊಂದು ರೋಗ ಹತ್ತಿ ಶಸ್ತ್ರಚಿಕಿತ್ಸೆ ಆಗಲೇಬೇಕೆಂದು ವರ್ತಮಾನ ಬಂದರೆ ಏನು ಮಾಡತಕ್ಕದ್ದು? ಕೆಲವರು ಹಣೆಬರಹವೆಂದು ಸುಮ್ಮನಾಗುವರು. ಕೆಲವರು ಮರುದಿನವೇ ಒಡವೆಯನ್ನೂ ತೋಟವನ್ನೂ ಒತ್ತೆಯಿಡಲು ಹೊರಡುವರು. ಸಹಾಯವು ಎಲ್ಲಿ ಉಂಟೆಂದು ವಿಚಾರಿಸುವವರು ಕಡಿಮೆ. ಯಾಕಂದರೆ ಕೇಳುವದು ಭಿಕ್ಷೆಯೆಂಬ ನಾಚಿಕೆಯು ಅವರನ್ನು ತಡೆಯುತ್ತದೆ.

ಆದದರಿಂದ ಈ ಪಾಠದಲ್ಲಿ ನಾವು ಒಂದೇ ಸಂಗತಿಯನ್ನು ಕಲಿಯೋಣ. ಪರದೇಶದಲ್ಲಿ ಅಂಗವಿಕಲನೂ ರೋಗಿಯೂ ಆದವನು ಸಹಾಯ ಕೇಳುವದು ಭಿಕ್ಷೆಯಲ್ಲ. ಅಂಥವನಿಗೋಸ್ಕರ ಕಾನೂನಿನಿಂದಲೂ ನಿಧಿಗಳಿಂದಲೂ ಕೆಲವು ಸಹಾಯಗಳು ಮೊದಲೇ ಏರ್ಪಟ್ಟಿವೆ. ಆದರೆ ಅವು ತಾವಾಗಿ ಹುಡುಕಿಕೊಂಡು ಬರುವದಿಲ್ಲ. ಕಾಗದಪತ್ರ ಸರಿಯಾಗಿದ್ದು, ಅವನ ಪರವಾಗಿ ಕೇಳುವವರಿದ್ದರೆ ಮಾತ್ರ ಅವನನ್ನು ಮುಟ್ಟುತ್ತವೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದನೆಂಬ ಗಾದೆಯನ್ನು ನಾವು ಬಲ್ಲೆವು. ಹಾಸಿಗೆ ಹಿಡಿದವನಿಗೆ ಬಾಯಿಯಾಗುವದು ಊರಲ್ಲಿರುವವರ ಕೆಲಸ.

ಪರದೇಶದಲ್ಲಿ ರೋಗಕ್ಕೆ ಬೀಳುವದು ಕೊಡಗಿನ ಚರಿತ್ರೆಗೆ ಹೊಸದಲ್ಲ. ಕೊಡಗಿನ ಕಡೇ ಅರಸನಾದ ಚಿಕ್ಕವೀರರಾಜೇಂದ್ರನು 1834ರಲ್ಲಿ ಪಟ್ಟವನ್ನು ಕಳಕೊಂಡು, ಕಾಶಿಯಲ್ಲಿ ಬಹುಕಾಲ ವಾಸಮಾಡಿ, 1852ರಲ್ಲಿ ತನ್ನ ಮಗಳಾದ ಗೌರಮ್ಮನನ್ನು ಕರಕೊಂಡು ಇಂಗ್ಲೆಂಡಿಗೆ ಹೋದನು. ವಿಕ್ಟೋರಿಯ ರಾಣಿಯು ಆಕೆಯನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡಳು. ಹುಡುಗಿಯು ತಂದೆಯಿಂದ ಬೇರೆಯಾಗಿ ಇಂಗ್ಲಿಷ್ ಪಾಲಕರ ಮನೆಗಳಲ್ಲಿ ಬೆಳೆದಳು. ಅರಸನು 1859ರಲ್ಲಿ ತೀರಿಹೋದನು. ಗೌರಮ್ಮನು 1864ರಲ್ಲಿ ಕ್ಷಯರೋಗದಿಂದ ಎಳೆಯ ವಯಸ್ಸಿನಲ್ಲೇ ಸತ್ತಳು. ಇಬ್ಬರ ಸಮಾಧಿಗಳೂ ಲಂಡನಿನಲ್ಲಿ ಇರುತ್ತವೆ. ಆ ಕಾಲದಲ್ಲಿ ಕ್ಷಯಕ್ಕೆ ಮದ್ದಿರಲಿಲ್ಲ; ರಾಣಿಯ ಆಶ್ರಯವೂ ಆಕೆಯನ್ನು ಉಳಿಸಲಾರದೆ ಹೋಯಿತು. ಈಗಲಾದರೋ ಅನೇಕ ರೋಗಗಳಿಗೆ ಮದ್ದೂ ಶಸ್ತ್ರಚಿಕಿತ್ಸೆಯೂ ಉಂಟು. ಬಡ ಕೆಲಸಗಾರನಿಗೂ ಚಿಕಿತ್ಸೆಗೂ ನಡುವೆ ಬಹಳ ಸಾರಿ ಅಡ್ಡ ನಿಲ್ಲುವವು ಮೂರು: ಖರ್ಚು, ಭಾಷೆ, ಕಾಗದ.

ಹೀಗಿರಲಾಗಿ ತಟ್ಟತಕ್ಕ ಬಾಗಲುಗಳು ಯಾವವೆಂದು ನೋಡೋಣ.

ಒಂದನೇದು, ಕೆಲಸ ಕೊಟ್ಟ ಯಜಮಾನನು. ಸೌದಿ ಅರೇಬಿಯದಲ್ಲಿಯೂ, 2013ರ ಕಾನೂನಿನ ಪ್ರಕಾರ ದುಬಾಯಿಯಲ್ಲಿಯೂ, ಕೆಲಸಗಾರನ ಆರೋಗ್ಯವಿಮೆಯ ಖರ್ಚನ್ನು ಯಜಮಾನನೇ ಹೊರತಕ್ಕದ್ದು. ಕೆಲಸದ ವೇಳೆಯಲ್ಲಿ ಗಾಯವಾದರೆ ಚಿಕಿತ್ಸೆಯ ವೆಚ್ಚವನ್ನೂ, ಅಂಗ ಊನವಾದರೆ ಪರಿಹಾರವನ್ನೂ ಕೇಳಲು ಅಲ್ಲಿಯ ಕಾನೂನುಗಳಲ್ಲಿ ಅವಕಾಶವುಂಟು. ಆದದರಿಂದ ಅಪಘಾತದ ವರದಿಯನ್ನೂ ವೈದ್ಯರ ವರದಿಯನ್ನೂ ಕೂಡಲೇ ಪಡೆಯಬೇಕು. ‘ಎಲ್ಲಾ ಲೆಕ್ಕ ತೀರಿತು’ ಎಂದು ಬರೆದ ಕಾಗದಕ್ಕೆ ಓದಿಸಿಕೊಳ್ಳದೆ ರುಜು ಹಾಕಬಾರದು.

ಎರಡನೇದು, ಪ್ರವಾಸಿ ಭಾರತೀಯ ಬೀಮಾ ಯೋಜನೆ. ಇದು 2003ರಲ್ಲಿ ಆರಂಭವಾಗಿ 2017ರಲ್ಲಿ ತಿದ್ದುಪಡಿ ಹೊಂದಿತು. ಹತ್ತನೇ ತರಗತಿ ದಾಟದೆ, ವಲಸೆ ಅನುಮತಿಯ ಮೇಲೆ ಗೊತ್ತುಮಾಡಿದ ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ಇದು ಕಡ್ಡಾಯ. 2017ರ ಏರ್ಪಾಡಿನಲ್ಲಿ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು ಗೊತ್ತಾಯಿತು, ತೆರಿಗೆ ಬೇರೆ. ಅಪಘಾತದಿಂದ ಮರಣವಾದರೆ, ಇಲ್ಲವೆ ಕೆಲಸವನ್ನೇ ಕಳಕೊಳ್ಳುವಂಥ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿ. ಆಸ್ಪತ್ರೆಯ ಖರ್ಚಿಗೆ 1 ಲಕ್ಷ ರೂಪಾಯಿಯ ವರೆಗೆ. ಆದರೆ ದಲ್ಲಾಳಿಯ ಮಾತು ಕೇಳಿ, ನೋಡಿಬರುವವರ ವೀಸಾದ ಮೇಲೆ ಹೋಗಿ ಅಲ್ಲಿ ಕೆಲಸಕ್ಕೆ ಸೇರಿದವನು ಈ ವಿಮೆಯ ಹೊರಗೇ ಉಳಿಯುವನು. ಕೆಲವು ನೂರು ರೂಪಾಯಿಗಳನ್ನು ಉಳಿಸಹೋಗಿ ಲಕ್ಷಗಳ ಆಧಾರವನ್ನು ಕಳಕೊಳ್ಳುವದೆಂದರೆ ಇದೇ.

ಮೂರನೇದು, ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿ. 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯು ಸ್ಥಾಪನೆಯಾಯಿತು. ಗತಿಯಿಲ್ಲದ ರೋಗಿಯ ತುರ್ತು ಚಿಕಿತ್ಸೆಗೂ, ಊರಿಗೆ ಮರಳುವ ವಿಮಾನದ ಖರ್ಚಿಗೂ ಇದರಿಂದ ಸಹಾಯವಾಗಬಹುದು. ಬಡತನವನ್ನೂ ಅಗತ್ಯವನ್ನೂ ವಿಚಾರಿಸಿದ ಮೇಲೆಯೇ ಕೊಡುವದರಿಂದ ಅರ್ಜಿಯಲ್ಲಿ ಸಂಗತಿಯನ್ನು ಇದ್ದ ಹಾಗೆಯೇ ಬರೆಯಬೇಕು.

ನಾಲ್ಕನೇದು, 2015ರಲ್ಲಿ ವಿದೇಶಾಂಗ ಮಂತ್ರಾಲಯವು ತೆರೆದ ‘ಮದದ್’ ಎಂಬ ಜಾಲತಾಣ. ರಾಯಭಾರ ಕಚೇರಿಯ ತನಕ ಹೋಗಲಾರದವನ ಪರವಾಗಿ ವಿರಾಜಪೇಟೆಯಲ್ಲಿಯೋ ನಾಪೋಕ್ಲಿನಲ್ಲಿಯೋ ಇರುವ ಅಣ್ಣತಮ್ಮಂದಿರು ಇಲ್ಲಿಂದಲೇ ದೂರು ಬರೆಯಬಹುದು.

ಇನ್ನು ಶಸ್ತ್ರಚಿಕಿತ್ಸೆಯ ವಿಷಯ. ರೋಗಿಯು ಒಪ್ಪಿಗೆಯ ರುಜು ಹಾಕುವ ಮೊದಲು ಐದು ಪ್ರಶ್ನೆಗಳನ್ನು ಕೇಳತಕ್ಕದ್ದು: ರೋಗವೇನು? ಈಗಲೇ ಕೊಯ್ಯಬೇಕೋ, ಊರಿಗೆ ಹೋಗುವ ತನಕ ತಾಳಬಹುದೋ? ಮಾಡದಿದ್ದರೆ ಏನಾಗುವದು? ಎಷ್ಟು ದಿನ ಮಲಗಬೇಕು? ಖರ್ಚನ್ನು ಯಾರು ಕೊಡುವರು? ಭಾಷೆ ತಿಳಿಯದಿದ್ದರೆ ಕನ್ನಡವನ್ನೋ ಮಲೆಯಾಳವನ್ನೋ ಬಲ್ಲ ದಾದಿಯನ್ನು ಕರೆಸಿರೆಂದು ಕೇಳುವದು ತಪ್ಪಲ್ಲ. ಮೊದಲೇ ಅಂಗವಿಕಲನಾಗಿರುವವನು ತನ್ನ ಹಳೇ ರೋಗವನ್ನೂ ತಿನ್ನುವ ಮದ್ದುಗಳನ್ನೂ ವೈದ್ಯರಿಗೂ ವಿಮೆಯವರಿಗೂ ಮರೆಮಾಡಬಾರದು. ಮರೆಮಾಡಿದರೆ ಮತಿತಪ್ಪಿಸುವ ಮದ್ದು ಕೊಡುವಾಗ ಪ್ರಾಣಕ್ಕೆ ಅಪಾಯ. ವಿಮೆಯ ಹಣ ಕೇಳುವಾಗ ನಿರಾಕರಣೆಗೆ ಕಾರಣ.

ಮನೆಯಲ್ಲಿರುವವರ ಕರ್ತವ್ಯವು ಪ್ರಯಾಣದ ದಿನಕ್ಕಿಂತ ಮುಂಚೆಯೇ ಆರಂಭವಾಗುತ್ತದೆ. ಪಾಸ್‌ಪೋರ್ಟು, ವೀಸಾ, ಕೆಲಸದ ಕರಾರು, ವಿಮೆಯ ಪತ್ರ, ಯಜಮಾನನ ವಿಳಾಸ, ಅಲ್ಲಿಯ ಒಬ್ಬ ಸ್ನೇಹಿತನ ದೂರವಾಣಿ ಇವೆಲ್ಲವುಗಳ ಪ್ರತಿಗಳನ್ನು ಎರಡು ಸ್ಥಳಗಳಲ್ಲಿ ಇಡಬೇಕು. 2018ರ ಆಗಸ್ಟ್ ತಿಂಗಳಲ್ಲಿ ಮಡಿಕೇರಿಯ ಸುತ್ತಲೂ ಗುಡ್ಡಗಳು ಜರಿದಾಗ ಮನೆಯ ಸಂಗಡ ಕಾಗದಪತ್ರಗಳೂ ಮಣ್ಣುಪಾಲಾದದ್ದನ್ನು ನಾವು ಮರೆಯಬಾರದು. ಒಂದು ಪ್ರತಿಯು ಬೇರೆ ಊರಿನ ನಂಟರಲ್ಲಿರಲಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರಾಗದಿರೋಣ.

ರೋಗಿಯು ಊರಿಗೆ ಬಂದ ಮೇಲೆ ಕೆಲಸ ಮುಗಿಯಿತೆಂದು ಎಣಿಸಬಾರದು. ಆಸ್ಪತ್ರೆಯ ಎಲ್ಲಾ ವರದಿಗಳನ್ನೂ ಅವನು ಸಂಗಡ ತರಬೇಕು. ಅವಿಲ್ಲದಿದ್ದರೆ ಇಲ್ಲಿಯ ವೈದ್ಯರು ಮೊದಲಿಂದ ಹುಡುಕಬೇಕಾಗುವದು. 2016ರಲ್ಲಿ ಆರಂಭವಾದ ಮಡಿಕೇರಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮುಂದಿನ ಚಿಕಿತ್ಸೆಯನ್ನು ವಿಚಾರಿಸಬಹುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವರೆಗೆ ಚಿಕಿತ್ಸೆಯ ಆಧಾರ ಏರ್ಪಟ್ಟಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 21 ವಿಧದ ಅಂಗವೈಕಲ್ಯಗಳನ್ನು ಗುರುತಿಸಿದೆ. ವೈದ್ಯರ ಪ್ರಮಾಣದ ಮೇಲೆ ಗುರುತುಚೀಟಿಯನ್ನು ಪಡೆಯಬೇಕು. ನೂರಕ್ಕೆ 40 ಭಾಗ ಇಲ್ಲವೆ ಅದಕ್ಕಿಂತ ಹೆಚ್ಚು ಊನವಿದ್ದವರಿಗೆ ಅನೇಕ ಸೌಕರ್ಯಗಳು ಉಂಟು.

ಕಡೆಗೆ ಒಂದು ಮಾತು. ಹಣ ಕಳುಹಿಸುವಾಗ ಮನೆಯ ಕಂಬವೆನಿಸಿದ್ದವನು ಊರುಗೋಲಿನ ಮೇಲೆ ಹಿಂತಿರುಗಿದರೆ ಹೊರೆಯೆನಿಸಬಾರದು. ಅವನ ದೇಹದ ಗಾಯಕ್ಕೆ ವೈದ್ಯರುಂಟು. ಮನೆಯವರ ಉದಾಸೀನದಿಂದಾಗುವ ಗಾಯಕ್ಕೆ ಮನೆಯವರೇ ವೈದ್ಯರು.

ಊರವರು ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು:

1. ನಮ್ಮ ಊರಿಂದ ಪರದೇಶಕ್ಕೆ ಹೋದವರು ಯಾರು ಯಾರು? ಅವರ ಕಾಗದಗಳ ಪ್ರತಿಗಳು ಯಾರಲ್ಲಿ ಇವೆ?

2. ಅವರಲ್ಲಿ ವಿಮೆಯಿಲ್ಲದೆ ಹೋದವರು ಉಂಟೋ?

3. ನಾಳೆ ಒಬ್ಬನ ವಿಷಯವಾಗಿ ಕೆಟ್ಟ ವರ್ತಮಾನ ಬಂದರೆ ಅವನ ಪರವಾಗಿ ಅರ್ಜಿ ಬರೆಯಬಲ್ಲವರು ನಮ್ಮಲ್ಲಿ ಯಾರು?