ಇಯರ್‌ಫೋನ್ ಕೊಳ್ಳುವ ಮುನ್ನ ಒಂದು ಹಾಡು

ಡಬ್ಬಿಯ ಮೇಲಿನ '20 ರಿಂದ 20,000 ಹರ್ಟ್ಸ್' ನೋಡಿ ಮರುಳಾಗಬೇಡಿ. 300 ರೂಪಾಯಿಯದರ ಮೇಲೂ ಅದೇ ಇರುತ್ತದೆ, 3,000ದ್ದರ ಮೇಲೂ ಅದೇ. ನಿಮ್ಮ ಕಿವಿಯನ್ನೇ ನಂಬಿ. ಕೇಳಿ ಕೇಳಿ ಬಾಯಿಪಾಠವಾದ ಹಾಡೊಂದನ್ನು ಫೋನಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ನಾನು ಪಿ. ಬಿ. ಶ್ರೀನಿವಾಸ್ ಅವರ ಹಳೆಯದೊಂದನ್ನು ಹಾಕುತ್ತೇನೆ. ಆ ಮೆಲುದನಿ ತಬಲಾದ ಗುಂಯ್‌ಗುಡುವಿಕೆಯಲ್ಲಿ ಮುಳುಗಿದರೆ ಇಯರ್‌ಫೋನ್ ವಾಪಸ್. 'ಸ', 'ಶ' ಬಂದಾಗಲೆಲ್ಲ ಸೂಜಿ ಚುಚ್ಚಿದಂತಾದರೂ ಅಷ್ಟೇ. ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಅನಿಸುವುದು ಸಹಜ, ಹಾಗಾಗಿ ಎರಡನ್ನು ಹೋಲಿಸುವಾಗ ಸದ್ದು ಒಂದೇ ಮಟ್ಟದಲ್ಲಿರಲಿ.

ಬೇಸ್ ಇಲ್ಲವೇ ಇಲ್ಲ ಅನಿಸಿತೇ? ಬೈಯುವ ಮುನ್ನ ತುದಿಯ ರಬ್ಬರ್ ಬದಲಿಸಿ. ಅದು ಕಿವಿಯಲ್ಲಿ ಬಿಗಿಯಾಗಿ ಕೂರದಿದ್ದರೆ ಮೊದಲು ಸೋರಿಹೋಗುವುದೇ ಮಂದ್ರ. ನನ್ನದೊಂದನ್ನು ವಾರವಿಡೀ ಶಪಿಸಿ, ಕೊನೆಗೆ ಡಬ್ಬಿಯಲ್ಲೇ ಉಳಿದಿದ್ದ ದೊಡ್ಡ ರಬ್ಬರ್ ಹಾಕಿದಾಗ ಮೃದಂಗದ ಎಡಗೈ ಕೇಳಿಸಿತು!

ವೈರು ಸಾಮಾನ್ಯವಾಗಿ ಕೈಕೊಡುವುದು ಜ್ಯಾಕಿನ ಕುತ್ತಿಗೆಯಲ್ಲಿ. ಹಾಡು ಓಡುತ್ತಿರುವಾಗಲೇ ಅಲ್ಲಿ ಮೆಲ್ಲಗೆ ಬಾಗಿಸಿ, ಕರಕರ ಅನ್ನುತ್ತದೆಯೇ ನೋಡಿ. ಸಾವಿರದ ಆಸುಪಾಸಿನಲ್ಲಿ ವೈರು ಬಿಚ್ಚಿ ಬದಲಿಸುವಂಥವೂ ಸಿಗುತ್ತವೆ. ಫೋನಿನಲ್ಲಿ 3.5 ಮಿ.ಮೀ. ಜ್ಯಾಕ್ ಚುಚ್ಚುವ ಜಾಗವೇ ಇಲ್ಲದಿದ್ದರೆ ಟೈಪ್-ಸಿ ತುದಿಯದನ್ನು ಕೇಳಿ; ಅದನ್ನೂ ನಿಮ್ಮದೇ ಫೋನಿಗೆ ಚುಚ್ಚಿ ನೋಡಿಯೇ ದುಡ್ಡು ಕೊಡಿ.